ಊರ ಲೈಬ್ರರಿಯ ರಾಸ್‌ಬೆರಿ ಪೈಗೆ ಎಚ್‌ಟಿಟಿಪಿಎಸ್ ಹಾಕಿದ್ದು: ಅಪಾಚೆ, ಎಂಜಿನ್‌ಎಕ್ಸ್, ಕೊನೆಗೆ ಕ್ಯಾಡಿ

ಸಾಗರ ತಾಲ್ಲೂಕಲ್ಲಿ ಮೇನ್ ರೋಡಿಂದ ಸುಮಾರು ಒಳಗಡೆ ಇರೋ ಊರು ನಮ್ದು. ಲೈಬ್ರರಿ ಅಂದ್ರೆ ಹಳೇ ಶಾಲೆ ಕಟ್ಟಡದ ಒಂದು ಕೋಣೆ, ಆರು ಬೀರು, ಎರಡು ಸಾವಿರದ ಹತ್ರಹತ್ರ ಪುಸ್ತಕ, ನೋಡ್ಕೊಳ್ಳೋರು ರಿಟೈರ್ ಆಗಿರೋ ನಮ್ಮ ಮೇಷ್ಟ್ರು. ಯಾರು ಯಾವ ಪುಸ್ತಕ ತಗೊಂಡೋದ್ರು ಅನ್ನೋದೆಲ್ಲ ಇಷ್ಟು ವರ್ಷ ಒಂದು ಉದ್ದ ರಿಜಿಸ್ಟರಲ್ಲಿ ಇತ್ತು, ಅದು 2024ರ ಮಳೆಗಾಲದಲ್ಲಿ ನೆಂದು ಅರ್ಧ ಹಾಳೆ ಅಂಟ್ಕೊಂಡು ಹೋಯ್ತು. ಆಗ ಮೇಷ್ಟ್ರಿಗೆ ಮಾತು ಕೊಟ್ಟಿದ್ದೆ, ಮುಂದಿನ ಮಳೆಗಾಲಕ್ಕೆ ಮೊದ್ಲು ಇದನ್ನ ಕಂಪ್ಯೂಟರಿಗೆ ಹಾಕ್ಕೊಡ್ತೀನಿ ಅಂತ. 2025ರ ಮೇ ಕೊನೆಯಲ್ಲಿ ರಜೆ ಹಾಕಿ ಊರಿಗೆ ಹೋಗಿ ಶುರು ಮಾಡ್ದೆ. ಆ್ಯಪ್ ಮಾಡೋದು ಕಷ್ಟ ಆಗ್ಲಿಲ್ಲ, ಪೈಥಾನಲ್ಲಿ ಫ್ಲಾಸ್ಕ್, ಡೇಟಾಗೆ ಎಸ್‌ಕ್ಯೂಲೈಟ್, ಓಡೋದಕ್ಕೆ 2 ಜಿಬಿ ರಾಸ್‌ಬೆರಿ ಪೈ 4 ಅನ್ನೋ ಚಿಕ್ಕ ಕಂಪ್ಯೂಟರ್, ಅಷ್ಟೇ. ಟೈಮೆಲ್ಲ ತಿಂದಿದ್ದು ಅದರ ಮುಂದೆ ಯಾವ ವೆಬ್ ಸರ್ವರ್ (ಬ್ರೌಸರ್ ಕೇಳಿದ ಪೇಜ್ ಕೊಡೋ ಪ್ರೋಗ್ರಾಂ; ಅಪಾಚೆ, ಎಂಜಿನ್‌ಎಕ್ಸ್, ಕ್ಯಾಡಿ ಮೂರೂ ಅಂಥವೇ) ಕೂರಿಸ್ಬೇಕು, ಕನೆಕ್ಷನ್ ಹೇಗೆ ಎನ್‌ಕ್ರಿಪ್ಟ್ ಮಾಡ್ಬೇಕು (ಎಚ್‌ಟಿಟಿಪಿಎಸ್ ಅಂದ್ರೆ ಅದೇ) ಅನ್ನೋದು. ಅದನ್ನೇ ಇಲ್ಲಿ ಬರ್ದಿಡ್ತಿದ್ದೀನಿ, ಇದೇ ತರ ಊರಲ್ಲಿ ಏನಾದ್ರೂ ಕಟ್ಟೋರಿಗೆ ಉಪಯೋಗ ಆಗ್ಲಿ ಅಂತ.

ಮೊದಲ ದಿನವೇ ಸಿಕ್ಕಾಕ್ಕೊಂಡಿದ್ದು ಕ್ಯಾಮೆರಾದಲ್ಲಿ. ಪುಸ್ತಕದ ಹಿಂದೆ ಇರೋ 978 ಅಂತ ಶುರುವಾಗೋ ಬಾರ್‌ಕೋಡನ್ನ ಫೋನಿನ ಬ್ರೌಸರಿಂದಲೇ ಸ್ಕ್ಯಾನ್ ಮಾಡೋ ತರ ಮಾಡಿದ್ದೆ, ಬಾರ್‌ಕೋಡ್ ಇಲ್ದಿರೋ ಹಳೇ ಪುಸ್ತಕಗಳಿಗೆ ನಾವೇ ನಂಬರ್ ಲೇಬಲ್ ಪ್ರಿಂಟ್ ಮಾಡಿ ಅಂಟಿಸಿದ್ವಿ. ನನ್ನ ಲ್ಯಾಪ್‌ಟಾಪಲ್ಲಿ ಲೋಕಲ್‌ಹೋಸ್ಟ್ (ಅದೇ ಮಷಿನಿನ ವಿಳಾಸ) ಅಂತ ಓಪನ್ ಮಾಡಿದ್ರೆ ಕ್ಯಾಮೆರಾ ಚೆನ್ನಾಗಿ ಬಂತು. ಮೇಷ್ಟ್ರ ಫೋನಲ್ಲಿ 192.168 ಅಂತ ಶುರುವಾಗೋ ಪೈ ಅಡ್ರೆಸ್ ಹಾಕಿದ್ರೆ ಕ್ಯಾಮೆರಾನೂ ಇಲ್ಲ, ಪರ್ಮಿಷನ್ ಕೇಳೋ ಬಾಕ್ಸೂ ಇಲ್ಲ, ಏನೂ ಇಲ್ಲ. ಕೋಡಲ್ಲಿ ತಪ್ಪಿರ್ಬೇಕು ಅಂತ ಎರಡು ಗಂಟೆ ಹುಡುಕಿ ಆಮೇಲೆ ನೆನಪಾಯ್ತು, ಎಚ್‌ಟಿಟಿಪಿಎಸ್ ಇಲ್ದಿರೋ ಪೇಜಿಗೆ ಬ್ರೌಸರುಗಳು ಕ್ಯಾಮೆರಾ, ಮೈಕು ಕೊಡೋದೇ ಇಲ್ಲ, ಕ್ರೋಮ್ ಇದನ್ನ 2015ರಿಂದಲೇ ನಿಲ್ಲಿಸಿದೆ. ಲೋಕಲ್‌ಹೋಸ್ಟಿಗೆ ಮಾತ್ರ ವಿನಾಯಿತಿ ಇದೆ, ಅದಕ್ಕೇ ನನ್ನ ಲ್ಯಾಪ್‌ಟಾಪಲ್ಲಿ ಬಂದಿದ್ದು. ಕ್ಯಾಮೆರಾ ವಿಷ್ಯ ಬಿಟ್ರೂ ಇದ್ರಲ್ಲಿ ಸದಸ್ಯರ ಫೋನ್ ನಂಬರ್ ಇದೆ, ಪಾಸ್‌ವರ್ಡ್ ಇದೆ, ಯಾರು ಏನು ಓದ್ತಾರೆ ಅನ್ನೋದಿದೆ. ಒಬ್ಬ ಮನುಷ್ಯ ಏನು ಓದ್ತಾನೆ ಅನ್ನೋದು ಅವನ ಸ್ವಂತ ವಿಷ್ಯ, ಅದು ವೈಫೈಯಲ್ಲಿ ಬಿಚ್ಚಿಟ್ಟಂಗೆ ಹೋಗ್ಬಾರ್ದು.

ಎಚ್‌ಟಿಟಿಪಿಎಸ್‌ಗೆ, ಈ ಸೈಟ್ ಅಸಲಿ ಅಂತ ಬ್ರೌಸರಿಗೆ ತೋರಿಸೋ ಒಂದು ಸರ್ಟಿಫಿಕೇಟ್ ಬೇಕು. ನಾವೇ ಸಹಿ ಹಾಕ್ಕೊಳ್ಳೋ ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ಹಾಕಿದ್ರೆ ಐದು ನಿಮಿಷದ ಕೆಲ್ಸ, ಹಾಕಿ ನೋಡ್ದೆ. ಮೇಷ್ಟ್ರು ಫೋನ್ ಹಿಡ್ಕೊಂಡು ಬಂದ್ರು, "ಇದೇನೋ ಕೆಂಪಗೆ ಎಚ್ಚರಿಕೆ ಅಂತ ಬರ್ತಿದೆ, ಮುಂದೆ ಹೋಗು ಅಂತ ಒತ್ಲೇನೋ?" ಅಂದ್ರು. "ಒತ್ತಿ ಮೇಷ್ಟ್ರೇ, ಪರ್ವಾಗಿಲ್ಲ" ಅನ್ನೋದು ಬಾಯಿಗೆ ಬಂದಿತ್ತು, ಹೇಳ್ಲಿಲ್ಲ. ಇವತ್ತು ಲೈಬ್ರರಿ ಪೇಜಲ್ಲಿ ಒತ್ತಿ ಅಂತ ಕಲಿಸಿದ್ರೆ ನಾಳೆ ಬ್ಯಾಂಕ್ ಪೇಜಲ್ಲಿ ಅದೇ ಕೆಂಪು ಬಂದಾಗ್ಲೂ ಒತ್ತುತ್ತಾರೆ. ಊರಿನ ನೂರು ಜನಕ್ಕೆ ಆ ಅಭ್ಯಾಸ ಹಿಡಿಸೋಕೆ ನಂಗೆ ಮನಸ್ಸಾಗ್ಲಿಲ್ಲ. ಹಾಗಾಗಿ ಒಂದು ಡೊಮೇನ್ ತಗೊಂಡು ಬ್ರೌಸರುಗಳು ನಂಬೋ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಪುಕ್ಕಟೆ ಕೊಡೋ ಸರ್ಟಿಫಿಕೇಟೇ ಹಾಕೋದು ಅಂತ ತೀರ್ಮಾನ ಮಾಡ್ದೆ.

ಅಪಾಚೆ ಪೈಯಲ್ಲಿ ಆಗ್ಲೇ ಇತ್ತು, ಕಾಲೇಜಿಂದ ಕೈಗೆ ಅಭ್ಯಾಸ ಇರೋದು. 1995ರಿಂದ ಇರೋ ಸಾಫ್ಟ್‌ವೇರು, ಅದನ್ನ ಯಾರೂ ಅಸುರಕ್ಷಿತ ಅನ್ನೋಕಾಗಲ್ಲ, ಈಗ ಅದಕ್ಕೆ ಮಾಡ್ ಎಂಡಿ ಅಂತ ಮಾಡ್ಯೂಲೂ ಇದೆ, ತಾನೇ ಸರ್ಟಿಫಿಕೇಟ್ ತರುತ್ತೆ. ಆದ್ರೆ ನಂಗೆ ಬೇಕಿದ್ದ ಪ್ರಾಕ್ಸಿ, ಎಸ್‌ಎಸ್‌ಎಲ್, ಹೆಡರ್ಸ್, ರಿಮೋಟ್ ಐಪಿ ಅಂತ ಒಂದೊಂದೂ ಒಂದೊಂದು ಮಾಡ್ಯೂಲು, ನಾನಿಲ್ದಾಗ ಅದನ್ನ ನೋಡೋರು ಯಾರು ಅಂತ ಯೋಚಿಸಿ ಬಿಟ್ಟೆ.

ಎಂಜಿನ್‌ಎಕ್ಸ್ ಹಾಕಿದ್ದು ಜೂನ್ ಮೊದಲ ವಾರ. ಇಗೋರ್ ಸಿಸೊಯೆವ್ 2004ರಲ್ಲಿ ಹೊರಗೆ ಬಿಟ್ಟಿದ್ದು, ನಾನು ಆಫೀಸಲ್ಲಿ ದಿನಾ ನೋಡೋದು, ಮೆಮೊರಿ ತುಂಬಾ ಕಮ್ಮಿ ತಿನ್ನುತ್ತೆ. ಲೆಟ್ಸ್ ಎನ್‌ಕ್ರಿಪ್ಟಿಂದ ಸರ್ಟಿಫಿಕೇಟ್ ತರೋ ಸರ್ಟ್‌ಬಾಟ್ ಅನ್ನೋ ಪ್ರೋಗ್ರಾಂ ಹಾಕಿ ಕೇಳ್ದೆ. ಕೊಡೋಕೆ ಮುಂಚೆ ಅವ್ರು ಹೊರಗಿಂದ ನಮ್ಮ ಪೋರ್ಟ್ 80ಕ್ಕೆ ಬಂದು ಡೊಮೇನ್ ನಮ್ದೇನಾ ಅಂತ ನೋಡ್ತಾರೆ, ಇದಕ್ಕೆ ಚಾಲೆಂಜ್ ಅಂತಾರೆ. ಟೈಮೌಟ್. ರೂಟರಲ್ಲಿ ಪೋರ್ಟ್ 80, 443 ಎರಡೂ ಫಾರ್ವರ್ಡ್ ಮಾಡಿದ್ದೀನಿ, ಆದ್ರೂ ಟೈಮೌಟ್. ರೂಟರಿನ ಸ್ಟೇಟಸ್ ಪೇಜ್ ತೆಗ್ದು ವ್ಯಾನ್ ಐಪಿ (ರೂಟರಿನ ಹೊರಗಿನ ಕಡೆಯ ವಿಳಾಸ) ನೋಡಿದ್ರೆ ಅದು 100.72 ಅಂತ ಶುರುವಾಗ್ತಿದೆ. ಅಲ್ಲಿಗೆ ಗೊತ್ತಾಯ್ತು, 100.64ರಿಂದ 100.127ರ ತನಕ ಇರೋ ಅಡ್ರೆಸ್ಸೆಲ್ಲ ಸಿಜಿನ್ಯಾಟಿಗೆ ಅಂತ ಎತ್ತಿಟ್ಟಿರೋದು, ಅಂದ್ರೆ ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿನ ಎಷ್ಟೋ ಮನೆಗೆ ಹಂಚಿದೆ, ಹೊರಗಿಂದ ಒಳಗೆ ಬರೋ ದಾರಿನೇ ಇಲ್ಲ, ನಮ್ಮ ರೂಟರಲ್ಲಿ ಏನು ಫಾರ್ವರ್ಡ್ ಮಾಡಿದ್ರೂ ಅಷ್ಟೇ. ಊರಲ್ಲಿ ಸರ್ವರ್ ಇಡೋಕೆ ಹೊರಟೋರು ಎಲ್ಲಕ್ಕಿಂತ ಮೊದ್ಲು ಇದೊಂದನ್ನ ನೋಡ್ಕೊಳ್ಳಿ, ನಂಗೆ ಒಂದಿಡೀ ದಿನ ಹೋಯ್ತು.

ಡಿಎನ್‌ಎಸ್ (ಡೊಮೇನ್ ಹೆಸರಿಗೆ ಐಪಿ ಹೇಳೋ ವ್ಯವಸ್ಥೆ) ಚಾಲೆಂಜ್ ಮಾಡಿದ್ರೆ, ಅಂದ್ರೆ ಡೊಮೇನಿಗೆ ಒಂದು ಟೆಕ್ಸ್ಟ್ ರೆಕಾರ್ಡ್ ಸೇರಿಸಿ ಇದು ನಂದೇ ಅಂತ ತೋರಿಸಿದ್ರೆ, ಪೋರ್ಟ್ ತೆಗೆಯದೇನೇ ಸರ್ಟಿಫಿಕೇಟ್ ಸಿಗುತ್ತೆ. ಆದ್ರೆ ಸದಸ್ಯರು ಮನೆಯಿಂದ ಪುಸ್ತಕ ಕಾದಿರಿಸ್ಬೇಕಲ್ಲ, ಹೊರಗಿಂದ ದಾರಿ ಹೇಗಿದ್ರೂ ಬೇಕೇ ಬೇಕು. ಅದಕ್ಕೆ ತಿಂಗಳಿಗೆ ಕೆಲವು ನೂರು ರೂಪಾಯಿಯ ಒಂದು ಚಿಕ್ಕ ವಿಪಿಎಸ್ (ಪಬ್ಲಿಕ್ ಐಪಿ ಇರೋ ಬಾಡಿಗೆ ಸರ್ವರ್) ತಗೊಂಡು, ಪೈಯಿಂದ ಅಲ್ಲಿಗೆ ವೈರ್‌ಗಾರ್ಡ್ ಅನ್ನೋ ಎನ್‌ಕ್ರಿಪ್ಟ್ ಆದ ಟನಲ್ ಎಳ್ದೆ. ಸಿಜಿನ್ಯಾಟ್ ಹಿಂದೆ ಇರೋದು ಪೈ, ಹಾಗಾಗಿ ಪೈಯೇ ಮೊದ್ಲು ಮಾತಾಡಿಸ್ಬೇಕು, 25 ಸೆಕೆಂಡಿಗೊಂದು ಕೀಪ್‌ಅಲೈವ್ ಹಾಕಿದ್ರೆ ದಾರಿ ತೆರ್ಕೊಂಡೇ ಇರುತ್ತೆ.

ಇಲ್ಲಿ ಒಂದು ದೊಡ್ಡ ಪ್ರಶ್ನೆ ಬಂತು. ಬೀಗ ಎಲ್ಲಿ ತೆಗೆಯೋದು, ಅಂದ್ರೆ ಎನ್‌ಕ್ರಿಪ್ಟ್ ಆಗಿರೋದನ್ನ ಎಲ್ಲಿ ಬಿಚ್ಚೋದು, ವಿಪಿಎಸ್‌ನಲ್ಲೋ ಪೈಯಲ್ಲೋ? ಸುಮಾರು ಜನ ವಿಪಿಎಸ್‌ನಲ್ಲೇ ಎಂಜಿನ್‌ಎಕ್ಸ್ ಇಟ್ಟು, ಅಲ್ಲೇ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಎನ್‌ಕ್ರಿಪ್ಷನ್) ಮುಗಿಸಿ, ಒಳಗೆ ಟನಲಲ್ಲಿ ಸಾದಾ ಎಚ್‌ಟಿಟಿಪಿ ಕಳಿಸ್ತಾರೆ. ಸುಲಭ ಹೌದು, ಆದ್ರೆ ಆಗ ಪಾಸ್‌ವರ್ಡೆಲ್ಲ ಬಾಡಿಗೆ ಮಷಿನಿನ ಮೆಮೊರಿಯಲ್ಲಿ ಬಿಚ್ಚಿಕೊಳ್ಳುತ್ತೆ, ಪ್ರೈವೇಟ್ ಕೀನೂ ಅಲ್ಲೇ ಇರುತ್ತೆ. ನಾನು ವಿಪಿಎಸ್‌ನಲ್ಲಿ ಎಂಜಿನ್‌ಎಕ್ಸಿನ ಸ್ಟ್ರೀಮ್ ಮಾಡ್ಯೂಲ್ ಇಟ್ಟೆ, ಅದು ಬಂದ ಟಿಸಿಪಿ ಬೈಟುಗಳನ್ನ ಒಳಗೆ ನೋಡದೇ ಹಾಗ್ಹಾಗೇ ಟನಲಿಗೆ ದಾಟಿಸುತ್ತೆ. ಕೀ ಇರೋದು ಊರಲ್ಲಿ, ಬೀರು ಪಕ್ಕದ ಪೈಯಲ್ಲಿ ಮಾತ್ರ. ವಿಪಿಎಸ್‌ಗೆ ಕಾಣೋದು ಯಾವ ಹೆಸರಿಗೆ ಕನೆಕ್ಷನ್ ಬಂತು, ಯಾವ ಐಪಿಯಿಂದ ಬಂತು, ಎಷ್ಟು ಡೇಟಾ ಹೋಯ್ತು ಅಷ್ಟೇ.

ಇದ್ರಲ್ಲೂ ಒಂದು ಸಂದು ಉಳಿಯುತ್ತೆ, ಹೇಳ್ದೆ ಬಿಟ್ರೆ ತಪ್ಪಾಗುತ್ತೆ. ಡೊಮೇನ್ ತೋರಿಸೋದು ವಿಪಿಎಸ್‌ನ ಐಪಿಗೆ, ಹಾಗಾಗಿ ಆ ಮಷಿನ್ ಯಾರದ್ದಾದ್ರೂ ಕೈಗೆ ಸಿಕ್ರೆ ಅವ್ರು ಪೋರ್ಟ್ 80ರ ಚಾಲೆಂಜಿಗೆ ತಾವೇ ಉತ್ತರ ಕೊಟ್ಟು ನಮ್ಮ ಹೆಸರಲ್ಲೇ ಬೇರೆ ಸರ್ಟಿಫಿಕೇಟ್ ತಗೋಬಹುದು. ಅದಕ್ಕೆ ಆಮೇಲೆ, ಕೊನೆಯ ಸರ್ವರ್ ನಿಂತ ಮೇಲೆ, ಡಿಎನ್‌ಎಸ್‌ನಲ್ಲಿ ಸಿಎಎ ರೆಕಾರ್ಡ್ ಹಾಕ್ದೆ, ಲೆಟ್ಸ್ ಎನ್‌ಕ್ರಿಪ್ಟ್ ಮಾತ್ರ ಕೊಡ್ಬೇಕು, ಅದೂ ಈ ಒಂದು ಅಕೌಂಟಿಗೆ ಮಾತ್ರ ಅಂತ ಅಕೌಂಟ್ ಯುಆರ್‌ಐ ಸೇರಿಸಿ. ಆ ಅಕೌಂಟಿನ ಕೀ ಪೈಯಲ್ಲೇ ಇದೆ. ಇದನ್ನ ಹಾಕೋರು ಕಮ್ಮಿ, ಒಂದೇ ಸಾಲಿನ ಕೆಲ್ಸ, ದಯವಿಟ್ಟು ಹಾಕಿ.

ಟನಲ್ ಆದ್ಮೇಲೆ ಎಂಜಿನ್‌ಎಕ್ಸಿಗೆ ಸರ್ಟಿಫಿಕೇಟ್ ಸಲೀಸಾಗಿ ಬಂತು. ನನ್ನ ಲ್ಯಾಪ್‌ಟಾಪಲ್ಲಿ ಬೀಗದ ಗುರುತು ಬಂತು, ಖುಷಿಯಾಯ್ತು. ಸಂಜೆ ಅತ್ತಿಗೆ ತಮ್ಮ ಫೋನಲ್ಲಿ ತೆಗ್ದು "ನಂಗೆ ಇನ್ನೂ ಸುರಕ್ಷಿತ ಅಲ್ಲ ಅಂತ್ಲೇ ಬರ್ತಿದೆ ನೋಡು" ಅಂದ್ರು. ಅದೇ ಪೇಜು, ಅದೇ ವೈಫೈ. ಎನ್‌ಕ್ರಿಪ್ಷನ್ ಕೆಲ್ಸ ಮಾಡೋ ಓಪನ್‌ಎಸ್‌ಎಸ್‌ಎಲ್ ಅನ್ನೋ ಸಾಫ್ಟ್‌ವೇರಿನ ಎಸ್ ಕ್ಲೈಂಟ್ ಕಮಾಂಡ್ ಓಡಿಸಿ ನೋಡಿದ್ರೆ ಕೊನೇಲಿ ವೆರಿಫೈ ರಿಟರ್ನ್ ಕೋಡ್ 21, ಮೊದಲನೇ ಸರ್ಟಿಫಿಕೇಟನ್ನ ವೆರಿಫೈ ಮಾಡೋಕಾಗ್ಲಿಲ್ಲ ಅಂತ. ಸರಪಳಿ ನೋಡಿದ್ರೆ ಒಂದೇ ಕೊಂಡಿ ಇದೆ. ಸರ್ಟ್‌ಬಾಟ್ ಒಂದು ಫೋಲ್ಡರಲ್ಲಿ ನಾಲ್ಕು ಫೈಲ್ ಇಡುತ್ತೆ, ಸರ್ಟ್, ಚೈನ್, ಫುಲ್‌ಚೈನ್, ಪ್ರೈವೇಟ್ ಕೀ ಅಂತ, ನಾನು ಎಂಜಿನ್‌ಎಕ್ಸಿಗೆ ಸರ್ಟ್ ಕೊಟ್ಟಿದ್ದೆ, ಕೊಡಬೇಕಾಗಿದ್ದು ಫುಲ್‌ಚೈನ್. ಮಧ್ಯದ ಇಂಟರ್‌ಮೀಡಿಯೆಟ್ ಸರ್ಟಿಫಿಕೇಟನ್ನ ಸರ್ವರ್ರೇ ಕೊಡ್ಬೇಕು, ಇಲ್ದಿದ್ರೆ ಫೋನಿಗೆ ನಮ್ಮ ಸರ್ಟಿಫಿಕೇಟಿಂದ ತನ್ನಲ್ಲಿರೋ ರೂಟ್, ಅಂದ್ರೆ ಫೋನ್ ಮೊದ್ಲೇ ನಂಬೋ ಮೂಲ ಸರ್ಟಿಫಿಕೇಟ್‌ವರೆಗೆ ದಾರಿ ಸಿಗಲ್ಲ. ನನ್ನ ಲ್ಯಾಪ್‌ಟಾಪಿನ ಫೈರ್‌ಫಾಕ್ಸಿಗೆ ಆ ಇಂಟರ್‌ಮೀಡಿಯೆಟ್ ಮೊದ್ಲೇ ಗೊತ್ತಿತ್ತು, ಹಾಗಾಗಿ ನಂಗೆ ತಪ್ಪು ಕಾಣ್ಲೇ ಇಲ್ಲ. ಆವತ್ತಿಂದ ಬೀಗದ ಗುರುತು ನೋಡಿ ಸರಿ ಅಂದ್ಕೊಳ್ಳೋದು ಬಿಟ್ಟು, ಯಾವಾಗ್ಲೂ ಕಮಾಂಡಲ್ಲಿ ರಿಟರ್ನ್ ಕೋಡ್ ಸೊನ್ನೆ ಬಂತಾ ಅಂತ ನೋಡ್ತೀನಿ.

ಇಷ್ಟಾದ್ರೂ ಎಂಜಿನ್‌ಎಕ್ಸನ್ನ ಪೈಯಲ್ಲಿ ಇಟ್ಕೊಳ್ಳೋಕೆ ಮನಸ್ಸು ಒಪ್ಪದೇ ಇದ್ದಿದ್ದಕ್ಕೆ ಕಾರಣ ಎರಡು ವರ್ಷದ ಹಿಂದಿನ ಒಂದು ಭಾನುವಾರ. ಪರಿಚಯದೋರ ಒಂದು ಚಿಕ್ಕ ಸೈಟು, ನಾನೇ ಹಾಕ್ಕೊಟ್ಟಿದ್ದು, ಬೆಳಗ್ಗೆ ಫೋನ್ ಬಂತು ಸರ್ಟಿಫಿಕೇಟ್ ಎಕ್ಸ್‌ಪೈರ್ ಅಂತ ತೋರಿಸ್ತಿದೆ ಅಂತ. ಲಾಗಿನ್ ಆಗಿ ನೋಡಿದ್ರೆ ಫೋಲ್ಡರಲ್ಲಿ ಹೊಸ ಸರ್ಟಿಫಿಕೇಟ್ ಇದೆ, ಬಂದು ಆಗ್ಲೇ ಒಂದು ತಿಂಗಳಾಗಿದೆ. ಆದ್ರೆ ಎಂಜಿನ್‌ಎಕ್ಸ್ ಶುರುವಾದಾಗ ಸರ್ಟಿಫಿಕೇಟನ್ನ ಮೆಮೊರಿಗೆ ಓದ್ಕೊಳ್ಳುತ್ತೆ, ಆಮೇಲೆ ಡಿಸ್ಕಲ್ಲಿ ಫೈಲ್ ಬದಲಾದ್ರೂ ರೀಲೋಡ್ ಮಾಡೋ ತನಕ ಹಳೇದನ್ನೇ ಕೊಡ್ತಾ ಇರುತ್ತೆ. ವೆಬ್‌ರೂಟ್ ವಿಧಾನದಲ್ಲಿ ಸರ್ಟ್‌ಬಾಟ್ ತಾನಾಗೇ ರೀಲೋಡ್ ಮಾಡಲ್ಲ, ಡಿಪ್ಲಾಯ್ ಹುಕ್ ಅಂತ ಒಂದು ಸಾಲು ನಾವು ಹಾಕಿರ್ಬೇಕು. ಹಾಕಿರ್ಲಿಲ್ಲ. ಈ ಸಲ ಹಾಕ್ದೆ, ಕೆಲ್ಸನೂ ಮಾಡುತ್ತೆ, ಆದ್ರೆ ಸರ್ವರ್ ಒಂದು ಪ್ರೋಗ್ರಾಂ, ಸರ್ಟಿಫಿಕೇಟ್ ತರೋದು ಇನ್ನೊಂದು, ಎರಡನ್ನೂ ಜೋಡಿಸೋ ಹುಕ್ ಮೂರನೇದು, ಅದನ್ನ ಎಬ್ಬಿಸೋ ಟೈಮರ್ ನಾಲ್ಕನೇದು. ಎಲ್ಲಿ ಕಳಚಿದ್ರೂ 90 ದಿನದ ತನಕ ಗೊತ್ತೇ ಆಗಲ್ಲ. ಮೊದ್ಲಾದ್ರೆ ಎಕ್ಸ್‌ಪೈರ್ ಆಗೋಕೆ ಮುಂಚೆ ಲೆಟ್ಸ್ ಎನ್‌ಕ್ರಿಪ್ಟಿಂದ ಒಂದು ಮೇಲ್ ಬರ್ತಿತ್ತು, 2025ರ ಜೂನ್ 4ರಿಂದ ಅದೂ ನಿಂತೋಯ್ತು, ನಾನು ಎಂಜಿನ್‌ಎಕ್ಸ್ ಹಾಕ್ತಿದ್ದ ವಾರವೇ.

ಇಲ್ಲೇ ನಂಗೆ ಆಯ್ಕೆ ಯಾವ್ದರ ಮೇಲೆ ಮಾಡ್ಬೇಕು ಅನ್ನೋದು ಸ್ಪಷ್ಟ ಆಯ್ತು. ಯಾವ ಸರ್ವರ್ ಹೆಚ್ಚು ಸೆಕ್ಯೂರ್ ಅಂತ ಕೇಳಿದ್ರೆ ಎಲ್ರೂ ಸೈಫರ್ (ಎನ್‌ಕ್ರಿಪ್ಟ್ ಮಾಡೋ ವಿಧಾನ) ಪಟ್ಟಿ ಹೋಲಿಸ್ತಾರೆ, ಆದ್ರೆ ಟಿಎಲ್‌ಎಸ್ 1.2, 1.3 ಎಲ್ಲದ್ರಲ್ಲೂ ಇದೆ, 1.0 ಮತ್ತೆ 1.1ನ್ನ 2021ರಲ್ಲೇ ಅಧಿಕೃತವಾಗಿ ಕೈಬಿಟ್ಟಾಗಿದೆ, ಆಫ್ ಮಾಡೋದು ಒಂದು ಸಾಲು. ಅಪಾಚೆ ಆಗ್ಲಿ ಎಂಜಿನ್‌ಎಕ್ಸ್ ಆಗ್ಲಿ ಸಾಮಾನ್ಯವಾಗಿ ಕೆಳಗೆ ಇರೋದು ಅದೇ ಓಪನ್‌ಎಸ್‌ಎಸ್‌ಎಲ್. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ದೋಷ ಬೆಳಕಿಗೆ ಬಂದಾಗ ಎರಡೂ ಸರ್ವರುಗಳದ್ದು ತಪ್ಪಿರ್ಲಿಲ್ಲ, ಕೆಳಗಿನ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಕಳಿಸಿದ ಉದ್ದ ನಿಜವಾ ಅಂತ ನೋಡದೇ ಇದ್ದ ಒಂದು ತಪ್ಪಿಂದ ಒಂದೊಂದು ಸಲಕ್ಕೆ 64 ಕೆಬಿ ತನಕ ಮೆಮೊರಿ ಹೊರಗೆ ಸೋರ್ತಿತ್ತು. ಹಾಗಾಗಿ ನೋಡಬೇಕಾಗಿರೋದು ಬೇರೆ. ನಾನು ಬೆಂಗಳೂರಿಗೆ ವಾಪಸ್ ಹೋದ್ಮೇಲೆ, ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗೋ ಜಾಗದಲ್ಲಿ, ಯಾರೂ ಮುಟ್ಟದೇನೇ ಯಾವ್ದು ತನ್ನ ಬೀಗನ ತಾನೇ ಸರಿಯಾಗಿ ಇಟ್ಕೊಳ್ಳುತ್ತೆ?

ಹಾಗೆ ಕ್ಯಾಡಿಗೆ ಬಂದೆ. ಗೋ ಭಾಷೆಯಲ್ಲಿ ಬರ್ದಿರೋದು, ಮ್ಯಾಟ್ ಹಾಲ್ಟ್ 2015ರಲ್ಲಿ ಹೊರಗೆ ಬಿಟ್ಟಿದ್ದು, ಎರಡನೇ ಆವೃತ್ತಿ ಬಂದಿದ್ದು 2020ರಲ್ಲಿ. ಸರ್ಟಿಫಿಕೇಟ್ ತರೋದು, ರಿನ್ಯೂ ಮಾಡೋದು, ಹೊಸದಕ್ಕೆ ಬದಲಾಯಿಸೋದು ಎಲ್ಲ ಅದೇ ಒಂದು ಪ್ರೋಗ್ರಾಂ ಒಳಗೆ. ಕಾನ್ಫಿಗ್ ಫೈಲ್ ಅಂದ್ರೆ ಡೊಮೇನ್ ಹೆಸರು, ಬ್ರೇಸ್ ತೆರೆ, 5000ನೇ ಪೋರ್ಟಿಗೆ ರಿವರ್ಸ್ ಪ್ರಾಕ್ಸಿ (ಬಂದಿದ್ದನ್ನ ನಮ್ಮ ಆ್ಯಪಿಗೆ ದಾಟಿಸು) ಅಂತ ಒಂದು ಸಾಲು, ಬ್ರೇಸ್ ಮುಚ್ಚು. ಎಚ್‌ಟಿಟಿಪಿಯಲ್ಲಿ ಬಂದೋರನ್ನ ಎಚ್‌ಟಿಟಿಪಿಎಸ್‌ಗೆ ಕಳಿಸೋದೂ ತಾನೇ ಮಾಡುತ್ತೆ. ಮೆಮೊರಿ ಎಂಜಿನ್‌ಎಕ್ಸಿಗಿಂತ ಜಾಸ್ತಿ ತಗೊಳ್ಳುತ್ತೆ, ಆದ್ರೆ 2 ಜಿಬಿ ಪೈಗೆ ಅದೇನೂ ಭಾರ ಆಗ್ಲಿಲ್ಲ.

ಇದ್ರಲ್ಲೂ ಒಂದು ಸಲ ಬಿದ್ದೆ, ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಮೊದ್ಲು ಕ್ಯಾಡಿನ ಡಾಕರಲ್ಲಿ, ಅಂದ್ರೆ ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿ ಒಳಗೆ, ಹಾಕಿದ್ದೆ, ಪೈ ಬೂಟ್ ಆದಾಗಲೆಲ್ಲ ಹಳೇ ಕಂಟೇನರ್ ತೆಗ್ದು ಹೊಸದನ್ನ ಎಬ್ಬಿಸೋ ಒಂದು ಸ್ಕ್ರಿಪ್ಟ್ ಬರ್ದಿದ್ದೆ, ಕ್ಲೀನಾಗಿರುತ್ತೆ ಅಂತ. ಕ್ಯಾಡಿ ಸರ್ಟಿಫಿಕೇಟ್ ಇಡೋ ಡೇಟಾ ಫೋಲ್ಡರನ್ನ ವಾಲ್ಯೂಮಾಗಿ ಹೊರಗೆ ಇಟ್ಟಿರ್ಲಿಲ್ಲ. ಜೂನ್ ಮೂರನೇ ವಾರ ಮಳೆ ಹಿಡ್ಕೊಂಡು ಎರಡು ದಿನದಲ್ಲಿ ಐದಾರು ಸಲ ಕರೆಂಟ್ ಹೋಗಿ ಬಂತು, ಪೈಗೆ ಆಗ ಇನ್ವರ್ಟರ್ ಲೈನ್ ಕೊಟ್ಟಿರ್ಲಿಲ್ಲ. ಪ್ರತಿ ಸಲ ಕಂಟೇನರ್ ಹೊಸದು, ಒಳಗೆ ಸರ್ಟಿಫಿಕೇಟ್ ಇಲ್ಲ, ಹಾಗಾಗಿ ಪ್ರತಿ ಸಲ ಲೆಟ್ಸ್ ಎನ್‌ಕ್ರಿಪ್ಟ್ ಹತ್ರ ಹೊಸದು ಕೇಳಿದೆ. ಒಂದೇ ಹೆಸರಿಗೆ ಏಳು ದಿನಕ್ಕೆ ಐದು ಸರ್ಟಿಫಿಕೇಟ್ ಅಷ್ಟೇ ಕೊಡೋದು, ಆಮೇಲೆ 34 ಗಂಟೆಗೆ ಒಂದರಂತೆ ಲೆಕ್ಕ ತುಂಬ್ಕೊಳ್ಳುತ್ತೆ. ಆರನೇ ಸಲ ಲಾಗಲ್ಲಿ ರೇಟ್ ಲಿಮಿಟೆಡ್ ಅಂತ ಬಂತು, ಲೈಬ್ರರಿ ಪೇಜ್ ಪೂರ್ತಿ ಬಂದ್. ಕಾನ್ಫಿಗಲ್ಲಿ ಈಮೇಲ್ ಕೊಟ್ಟಿದ್ರೆ ಕ್ಯಾಡಿ ಜೀರೋಎಸ್‌ಎಸ್‌ಎಲ್ ಅನ್ನೋ ಇನ್ನೊಂದು ಸಂಸ್ಥೆ ಹತ್ರನೂ ಕೇಳಿ ನೋಡ್ತಿತ್ತು, ಅದನ್ನೂ ಕೊಟ್ಟಿರ್ಲಿಲ್ಲ. ಆವತ್ತು ಮೇಷ್ಟ್ರು ಒಂದು ಹಾಳೆಯಲ್ಲಿ ಪೆನ್ಸಿಲಲ್ಲಿ ಬರ್ಕೊಂಡು ಕೆಲ್ಸ ನಡೆಸಿದ್ರು, ನಂಗೆ ತುಂಬಾ ಬೇಜಾರಾಯ್ತು, ಯಾಕಂದ್ರೆ ಅವ್ರು ಆ ವಾರವಷ್ಟೇ ರಿಜಿಸ್ಟರ್ ಕಟ್ಟಿ ಮೇಲೆ ಇಟ್ಟಿದ್ರು.

ಸರಿ ಮಾಡಿದ್ದು ಹೀಗೆ. ಡಾಕರ್ ತೆಗ್ದೆ. ಒಂದು ಪೈ, ಒಂದು ಆ್ಯಪ್, ಅಲ್ಲಿ ಅದ್ರ ಅಗತ್ಯ ಇರ್ಲಿಲ್ಲ. ಕ್ಯಾಡಿನ ನೇರವಾಗಿ ಎಪಿಟಿ ಅನ್ನೋ ಪ್ಯಾಕೇಜ್ ಇನ್‌ಸ್ಟಾಲರಿಂದ ಹಾಕಿ, ಬೂಟ್ ಆದಾಗ ತಾನೇ ಏಳೋ ಸಿಸ್ಟಮ್‌ಡಿ ಸರ್ವೀಸಾಗಿ ಓಡಿಸ್ದೆ, ಸರ್ಟಿಫಿಕೇಟೆಲ್ಲ ಈಗ ವಾರ್ ಲಿಬ್ ಕೆಳಗಿನ ಕ್ಯಾಡಿ ಫೋಲ್ಡರಲ್ಲಿ ಕೂತಿದೆ, ಎಷ್ಟು ಸಲ ರೀಬೂಟ್ ಆದ್ರೂ ಅಲ್ಲೇ ಇರುತ್ತೆ. ಪ್ರಯೋಗ ಮಾಡೋವಾಗ ಲೆಟ್ಸ್ ಎನ್‌ಕ್ರಿಪ್ಟಿನ ಸ್ಟೇಜಿಂಗ್ ವಿಳಾಸ ಹಾಕ್ಕೊಂಡೆ, ಅದ್ರ ಸರ್ಟಿಫಿಕೇಟನ್ನ ಬ್ರೌಸರ್ ನಂಬಲ್ಲ, ಆದ್ರೆ ಮಿತಿ ತುಂಬಾ ದೊಡ್ಡದು, ನೂರು ಸಲ ಕೆಡಿಸಿ ಕಟ್ಟಿದ್ರೂ ತೊಂದ್ರೆ ಇಲ್ಲ. ಹೊಸ ಸರ್ವರ್ ಕಟ್ಟೋರು ಶುರುವಿಂದಲೇ ಸ್ಟೇಜಿಂಗಲ್ಲಿ ಆಟ ಆಡಿ, ಎಲ್ಲ ಸರಿಯಾದ್ಮೇಲೆ ಮಾತ್ರ ಅಸಲಿಗೆ ಬನ್ನಿ.

ಮುಂದೆ ಐಪಿ ವಿಷ್ಯ. ಸ್ಟ್ರೀಮ್ ಮೂಲಕ ಬಂದ ಕನೆಕ್ಷನೆಲ್ಲ ಪೈಗೆ ವಿಪಿಎಸ್‌ನ ಟನಲ್ ಐಪಿಯಿಂದಲೇ ಬಂದಂಗೆ ಕಾಣುತ್ತೆ, ಆಗ ತಪ್ಪು ಪಾಸ್‌ವರ್ಡ್ ಹೊಡಿಯೋ ಒಬ್ಬನ್ನ ಬ್ಲಾಕ್ ಮಾಡೋಕೆ ಹೋದ್ರೆ ಊರೆಲ್ಲ ಬ್ಲಾಕ್ ಆಗುತ್ತೆ. ಅದಕ್ಕೆ ಪ್ರಾಕ್ಸಿ ಪ್ರೋಟೋಕಾಲ್ ಆನ್ ಮಾಡ್ಬೇಕು, ಆಗ ವಿಪಿಎಸ್ ಪ್ರತಿ ಕನೆಕ್ಷನಿನ ಶುರುವಲ್ಲಿ ಅಸಲಿ ಐಪಿ ಬರ್ದು ಕಳಿಸುತ್ತೆ. ಕ್ಯಾಡಿಯಲ್ಲಿ ಇದು 2.7ರಿಂದ ಒಳಗೇ ಬರುತ್ತೆ, ಆದ್ರೆ ಪೈಯಲ್ಲಿದ್ದ ಬುಕ್‌ವರ್ಮ್ ಅನ್ನೋ ಡೆಬಿಯನ್ ಆವೃತ್ತಿಯ ಪ್ಯಾಕೇಜಲ್ಲಿ ಇದ್ದಿದ್ದು 2.6, ಹಾಗಾಗಿ ಕ್ಯಾಡಿಯವ್ರದ್ದೇ ರೆಪೊ (ಪ್ಯಾಕೇಜ್ ಸಿಗೋ ಜಾಗ) ಸೇರಿಸ್ಬೇಕಾಯ್ತು. ಆನ್ ಮಾಡ್ದೆ, ಪೇಜೇ ಬರ್ಲಿಲ್ಲ, ಡಿಬಗ್ ಲಾಗ್ ತೆಗೆದ್ರೆ ಮೊದಲ ರೆಕಾರ್ಡ್ ಟಿಎಲ್‌ಎಸ್ ಹ್ಯಾಂಡ್‌ಶೇಕ್ ತರ ಕಾಣ್ತಿಲ್ಲ ಅಂತ ಸಾಲುಸಾಲು. ಯೋಚಿಸಿದ್ರೆ ಸರಿಯಾಗೇ ಹೇಳ್ತಿದೆ, ಟಿಎಲ್‌ಎಸ್ ಹಲೋ ಬರ್ಬೇಕಾದ ಜಾಗದಲ್ಲಿ ವಿಪಿಎಸ್ ಬರ್ದ ಐಪಿ ಸಾಲು ಬಂದಿದೆ. ಲಿಸನರ್ ರ‍್ಯಾಪರ್ ಪಟ್ಟಿಯಲ್ಲಿ ಪ್ರಾಕ್ಸಿ ಪ್ರೋಟೋಕಾಲ್ ಸಾಲು ಟಿಎಲ್‌ಎಸ್ ಸಾಲಿಗಿಂತ ಮೇಲಿರ್ಬೇಕು, ನಾನು ಕೆಳಗೆ ಬರ್ದಿದ್ದೆ. ಮೇಲೆ ತಂದೆ, ಟನಲ್ ಐಪಿಯಿಂದ ಬಂದ್ರೆ ಮಾತ್ರ ಆ ಸಾಲನ್ನ ನಂಬು ಅಂತನೂ ಬರ್ದೆ, ಇಲ್ದಿದ್ರೆ ಯಾರು ಬೇಕಾದ್ರೂ ಸುಳ್ಳು ಐಪಿ ಹೇಳ್ಬಹುದು. ಸ್ಟ್ರೀಮಲ್ಲಿ ನಾನು ದಾಟಿಸ್ತಿರೋದು ಟಿಸಿಪಿ ಮಾತ್ರ, ಎಚ್‌ಟಿಟಿಪಿ 3ಕ್ಕೆ ಯುಡಿಪಿ ಬೇಕು, ಹಾಗಾಗಿ ಅದನ್ನ ಆಫ್ ಮಾಡಿ 1.1 ಮತ್ತೆ 2 ಮಾತ್ರ ಇಟ್ಟೆ.

ಲೈಬ್ರರಿ ಒಳಗೇ ಕೂತ ಫೋನು ವಿಪಿಎಸ್‌ಗೆ ಹೋಗಿ ಟನಲಲ್ಲಿ ವಾಪಸ್ ಬರೋದು ನಂಗೆ ಸರಿ ಅನ್ನಿಸ್ಲಿಲ್ಲ, ನೆಟ್ ಹೋದ್ರೆ ಎರಡು ಅಡಿ ದೂರದ ಪೈಗೂ ಹೋಗೋಕಾಗಲ್ಲ. ಪೈಯಲ್ಲಿ ಡಿಎನ್‌ಎಸ್‌ಮಾಸ್ಕ್ ಹಾಕಿ, ಲೈಬ್ರರಿ ವೈಫೈಯಲ್ಲಿ ಇರೋರಿಗೆ ನಮ್ಮ ಡೊಮೇನ್ ಹೆಸರು ಪೈಯ ಒಳಗಿನ ಐಪಿಗೇ ತೋರಿಸೋ ತರ ಮಾಡ್ದೆ. ಸರ್ಟಿಫಿಕೇಟ್ ಇರೋದು ಹೆಸರಿಗೆ, ಐಪಿಗಲ್ಲ, ಹಾಗಾಗಿ ಹೊರಗಿನ ದಾರಿಯಲ್ಲಿ ಬಂದ್ರೂ ಒಳಗಿನ ದಾರಿಯಲ್ಲಿ ಬಂದ್ರೂ ಅದೇ ಸರ್ಟಿಫಿಕೇಟ್ ಸರಿಯಾಗಿ ಹೊಂದುತ್ತೆ. ಈಗ ನೆಟ್ ಇಲ್ದಾಗ್ಲೂ ಕ್ಯಾಮೆರಾ ಸ್ಕ್ಯಾನ್ ನಡಿಯುತ್ತೆ. ಇಡೀ ಕೆಲ್ಸದಲ್ಲಿ ನಂಗೆ ತುಂಬಾ ಇಷ್ಟ ಆದ ಭಾಗ ಇದು.

ಪೈ 4ರ ಪ್ರೊಸೆಸರ್ ಬಗ್ಗೆ ಒಂದು ಮಾತು. ಪ್ರಾಕ್ ಕೆಳಗಿನ ಸಿಪಿಯುಇನ್ಫೋ ತೆಗ್ದು ಫೀಚರ್ಸ್ ಸಾಲು ನೋಡಿ, ಅಲ್ಲಿ ಎಇಎಸ್ (ತುಂಬಾ ಬಳಕೆಯಲ್ಲಿರೋ ಸೈಫರು) ಅನ್ನೋ ಪದ ಇರಲ್ಲ. ಅಂದ್ರೆ ಎಇಎಸ್ ಲೆಕ್ಕನ ಹಾರ್ಡ್‌ವೇರ್ ಮಾಡಲ್ಲ, ಪೂರ್ತಿ ಸಾಫ್ಟ್‌ವೇರಲ್ಲೇ ಮಾಡ್ಬೇಕು, ಪೈ 5ರಲ್ಲಿ ಇದೆ. ಓಪನ್‌ಎಸ್‌ಎಸ್‌ಎಲ್ ಸ್ಪೀಡ್ ಓಡಿಸಿ ನೋಡಿದ್ರೆ ಪೈ 4ರಲ್ಲಿ ಚಾಚಾ20 ಅನ್ನೋ ಸೈಫರು ಎಇಎಸ್‌ಗಿಂತ ಆರಾಮಾಗಿ ಮುಂದೆ ಹೋಗುತ್ತೆ. ಗೋದ ಟಿಎಲ್‌ಎಸ್ ಇದನ್ನ ತಾನೇ ಗಮನಿಸಿ, ಎಇಎಸ್ ಹಾರ್ಡ್‌ವೇರ್ ಇಲ್ಲ ಅಂದ್ರೆ ಚಾಚಾನೇ ಮುಂದೆ ಇಡುತ್ತೆ, ನಾನು ಒಂದು ಸಾಲೂ ಬರೀಲಿಲ್ಲ. ಹಾಗೇ ಸರ್ಟಿಫಿಕೇಟಿನ ಕೀ ಆರ್‌ಎಸ್‌ಎ ಅನ್ನೋ ಹಳೇ ಬಗೆ ಬದಲು ಇಸಿಡಿಎಸ್‌ಎ ಅನ್ನೋ ಹೊಸ ಬಗೆ ಆಗಿದ್ರೆ ಪ್ರತಿ ಹೊಸ ಕನೆಕ್ಷನಿಗೆ ಸರ್ವರ್ ಹಾಕೋ ಸಹಿ ಹತ್ತು ಪಟ್ಟಿಗೂ ಜಾಸ್ತಿ ಬೇಗ ಆಗುತ್ತೆ, ಕ್ಯಾಡಿ ಮೊದಲಿಂದ ಅದನ್ನೇ ತಗೊಳ್ಳುತ್ತೆ, ಸರ್ಟ್‌ಬಾಟೂ 2.0ರಿಂದ ಅದಕ್ಕೇ ಬಂದಿದೆ.

ಕ್ಯಾಡಿಯಲ್ಲಿ ನಂಗೆ ಇರೋ ಒಂದು ಚಿಂತೆನೂ ಹೇಳ್ಬೇಕು. ಗೋ ಪ್ರೋಗ್ರಾಂ ಅಂದ್ಮೇಲೆ ಕ್ರಿಪ್ಟೋ ಎಲ್ಲ ಆ ಒಂದೇ ಬೈನರಿ ಒಳಗಿದೆ. ಡೆಬಿಯನ್ನಿಂದ ಓಪನ್‌ಎಸ್‌ಎಸ್‌ಎಲ್ ಅಪ್‌ಡೇಟ್ ಬಂದ್ರೆ ಎಂಜಿನ್‌ಎಕ್ಸ್, ಅಪಾಚೆಗೆಲ್ಲ ಒಟ್ಟಿಗೇ ರಿಪೇರಿ ಆಗುತ್ತೆ, ಕ್ಯಾಡಿಗೆ ಆಗಲ್ಲ, ಅದಕ್ಕೆ ಹೊಸ ಕ್ಯಾಡಿನೇ ಬರ್ಬೇಕು. ಅಪ್‌ಡೇಟೆಲ್ಲ ತಾನೇ ಹಾಕೋ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಸುಮ್ನೆ ಹಾಕಿದ್ರೆ ಹೊರಗಿನ ರೆಪೊನ ಮುಟ್ಟಲ್ಲ, ಕ್ಯಾಡಿ ರೆಪೊನ ಆ ಪಟ್ಟಿಗೆ ಕೈಯಾರೆ ಸೇರಿಸ್ಬೇಕು, ಸೇರಿಸ್ದೆ. ಪ್ಲಗಿನ್ ಬೇಕು ಅಂತ ಎಕ್ಸ್‌ಕ್ಯಾಡಿಯಲ್ಲಿ ಸ್ವಂತ ಬಿಲ್ಡ್ ಮಾಡ್ಕೊಂಡ್ರೆ ಎಪಿಟಿಗೆ ಅದ್ರ ಸುದ್ದಿನೇ ಇರಲ್ಲ, ಅದಕ್ಕೇ ನಾನು ಡಿಎನ್‌ಎಸ್ ಪ್ಲಗಿನ್ ಬೇಡ ಅಂದಿದ್ದು. ಮೆಮೊರಿ ತಪ್ಪುಗಳು ಗೋದಲ್ಲಿ ಕಮ್ಮಿ ಅನ್ನೋದು ನಿಜ, ಹಾಗಂತ ಅಪ್‌ಡೇಟ್ ಬೇಡ ಅಂತಲ್ಲ. 2023ರ ಅಕ್ಟೋಬರಲ್ಲಿ ಎಚ್‌ಟಿಟಿಪಿ 2ರ ರ‍್ಯಾಪಿಡ್ ರೀಸೆಟ್ ಅನ್ನೋ ದಾಳಿ ಬೆಳಕಿಗೆ ಬಂದಾಗ ಗೋ ಭಾಷೆಯ ಕೋಡ್ ಲೈಬ್ರರಿಗೂ ಪ್ಯಾಚ್ ಬೇಕಾಯ್ತು.

ಎಚ್‌ಎಸ್‌ಟಿಎಸ್ ಹೆಡರನ್ನ ಕ್ಯಾಡಿ ತಾನಾಗಿ ಹಾಕಲ್ಲ. ಅದು ಬ್ರೌಸರಿಗೆ, ಇಷ್ಟು ಸೆಕೆಂಡ್ ತನಕ ಈ ಹೆಸರಿಗೆ ಎಚ್‌ಟಿಟಿಪಿಯಲ್ಲಿ ಹೋಗ್ಲೇಬೇಡ ಅನ್ನೋ ಮಾತು, ಕೊಟ್ಮೇಲೆ ವಾಪಸ್ ತಗೊಳ್ಳೋದು ಕಷ್ಟ. ಮೊದ್ಲು 300 ಸೆಕೆಂಡ್ ಹಾಕಿ ಎರಡು ದಿನ ನೋಡ್ದೆ, ಆಮೇಲೆ ಒಂದು ವಾರ, ಜುಲೈ ಕೊನೆಗೆ 31536000, ಅಂದ್ರೆ ಒಂದು ವರ್ಷ.

ಒಬ್ಬ ಅಜ್ಜನ ಫೋನಲ್ಲಿ ಮಾತ್ರ ಏನು ಮಾಡಿದ್ರೂ ಪೇಜ್ ಬರ್ಲಿಲ್ಲ. ನೋಡಿದ್ರೆ ಆಂಡ್ರಾಯ್ಡ್ 6. ಲೆಟ್ಸ್ ಎನ್‌ಕ್ರಿಪ್ಟಿನ ಈಗಿನ ರೂಟ್ ಆಂಡ್ರಾಯ್ಡ್ 7.1.1ರಿಂದ ಈಚೆಗಷ್ಟೇ ಫೋನ್ ಒಳಗಿದೆ, ಹಳೇ ಫೋನುಗಳಿಗೆ ಅಂತ ಇಟ್ಟಿದ್ದ ಅಡ್ಡದಾರಿಯ ಸಹಿ 2024ರ ಸೆಪ್ಟೆಂಬರಲ್ಲಿ ಮುಗೀತು. ಫೈರ್‌ಫಾಕ್ಸ್ ತನ್ನ ರೂಟ್ ಪಟ್ಟಿ ತಾನೇ ತರುತ್ತೆ, ಅದನ್ನ ಹಾಕ್ಕೊಟ್ಟೆ, ಪೇಜ್ ಬಂತು. "ಇಷ್ಟೇನೇನೋ ತಮ್ಮಾ" ಅಂದ್ರು ಅಜ್ಜ.

ಗಡಿಯಾರಕ್ಕೆ ಅಂತ ಡಿಎಸ್3231 ಅನ್ನೋ ಚಿಕ್ಕ ಆರ್‌ಟಿಸಿ ಮಾಡ್ಯೂಲ್ ಪೈಯ ಪಿನ್ನುಗಳಿಗೆ ಸಿಕ್ಕಿಸಿದೀನಿ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ, ಕರೆಂಟ್ ಹೋಗಿ ಬಂದ್ರೆ ಟೈಮ್ ಹಿಂದಕ್ಕೆ ಹೋಗಿರುತ್ತೆ, ವೈರ್‌ಗಾರ್ಡ್ ಹಿಂದಿನ ಟೈಮಿನ ಹ್ಯಾಂಡ್‌ಶೇಕನ್ನ ಹಳೇ ಸಂದೇಶದ ನಕಲು ಅಂತ ತಿಳ್ಕೊಂಡು ಒಪ್ಪಲ್ಲ, ನೆಟ್ಟಿಂದ ಟೈಮ್ ಸರಿಯಾಗೋ ತನಕ ಟನಲ್ ಏಳೋದೇ ಇಲ್ಲ. ಪುಸ್ತಕ ವಾಪಸ್ ಕೊಡೋ ತಾರೀಖೂ ತಪ್ಪಾಗುತ್ತೆ, ಮೇಷ್ಟ್ರಿಗೆ ಅದು ಟನಲಿಗಿಂತ ಮುಖ್ಯ.

ಕಾವಲಿಗೆ ವಿಪಿಎಸ್‌ನಲ್ಲಿ ದಿನಕ್ಕೊಂದು ಸಲ ಓಡೋ ನಾಲ್ಕು ಸಾಲಿನ ಸ್ಕ್ರಿಪ್ಟ್ ಇದೆ, ಓಪನ್‌ಎಸ್‌ಎಸ್‌ಎಲ್‌ನ ಚೆಕ್‌ಎಂಡಿಗೆ 1209600 ಸೆಕೆಂಡ್ ಕೊಟ್ಟಿದೀನಿ, ಅಂದ್ರೆ ಹೊರಗಿನೋರಿಗೆ ನಿಜವಾಗಿ ಸಿಗ್ತಿರೋ ಸರ್ಟಿಫಿಕೇಟಲ್ಲಿ 14 ದಿನಕ್ಕಿಂತ ಕಮ್ಮಿ ಉಳಿದಿದ್ರೆ ನನ್ನ ಟೆಲಿಗ್ರಾಮಿಗೆ ಮೆಸೇಜ್. ಡಿಸ್ಕಿನ ಫೈಲ್ ನೋಡಲ್ಲ, ಆ ಭಾನುವಾರದ ಪಾಠ ಅದು. ಕ್ಯಾಡಿ 90ರಲ್ಲಿ ಮೂರನೇ ಒಂದು ಭಾಗ, ಅಂದ್ರೆ 30 ದಿನ ಉಳಿದಾಗ್ಲೇ ರಿನ್ಯೂ ಶುರು ಮಾಡುತ್ತೆ, ಹಾಗಾಗಿ 14ಕ್ಕೆ ಮೆಸೇಜ್ ಬಂತು ಅಂದ್ರೆ ಎರಡು ವಾರದಿಂದ ಏನೋ ಕೆಟ್ಟಿದೆ ಅಂತ ಅರ್ಥ, ರಿಪೇರಿಗೆ ಇನ್ನೆರಡು ವಾರ ಇದೆ. ಸರ್ಟಿಫಿಕೇಟಿನ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರಿಂದ 100, 2029ರಿಂದ 47 ದಿನ ಅಂತ ಬ್ರೌಸರಿನವ್ರು, ಸರ್ಟಿಫಿಕೇಟ್ ಕೊಡೋರು ಸೇರಿ 2025ರ ಏಪ್ರಿಲಲ್ಲಿ ತೀರ್ಮಾನ ಮಾಡಿದ್ದಾರೆ. ವರ್ಷಕ್ಕೊಂದು ಸಲ ಕೈಯಲ್ಲಿ ಸರ್ಟಿಫಿಕೇಟ್ ಹಾಕೋ ಕಡೆಯವ್ರು ಈಗ್ಲಿಂದಲೇ ತಾನಾಗಿ ರಿನ್ಯೂ ಆಗೋ ವ್ಯವಸ್ಥೆಗೆ ಬರೋದು ಒಳ್ಳೇದು. ಆಫೀಸಲ್ಲಿ ಹತ್ತಾರು ಸರ್ವರ್ ನೋಡ್ಕೊಳ್ಳೋ ಟೀಮ್ ಇದ್ರೆ, ಆಗ್ಲೇ ಎಂಜಿನ್‌ಎಕ್ಸ್ ಕಾನ್ಫಿಗ್ ಬೆಳ್ದಿದ್ರೆ, ಅದನ್ನ ಕಿತ್ತಾಕಿ ಕ್ಯಾಡಿ ಹಾಕಿ ಅಂತ ನಾನು ಹೇಳಲ್ಲ, ಹುಕ್ ಮತ್ತೆ ಕಾವಲು ಸರಿ ಇದೆಯಾ ನೋಡ್ಕೊಳ್ಳಿ ಅಂತೀನಿ. ನನ್ನ ವಿಪಿಎಸ್‌ನಲ್ಲೂ ಇರೋದು ಎಂಜಿನ್‌ಎಕ್ಸೇ.

ಎಲ್ಲ ಕಟ್ಟೋವಾಗ ಕೊನೇ ಸರ್ಟಿಫಿಕೇಟ್ ತಗೊಂಡಿದ್ದು ಜುಲೈ 8ಕ್ಕೆ. ಸೆಪ್ಟೆಂಬರ್ ಎರಡನೇ ವಾರ ಬೆಂಗಳೂರಿಂದ ಲಾಗ್ ತೆಗ್ದು ನೋಡ್ದೆ, 6ನೇ ತಾರೀಖು ರಾತ್ರಿ ಮೂರು ಗಂಟೆ ಹೊತ್ತಿಗೆ ಸರ್ಟಿಫಿಕೇಟ್ ಸಿಕ್ತು ಅಂತ ಒಂದು ಸಾಲು, ಅದ್ರ ಹಿಂದಿನ ದಿನ ಸಂಜೆ ಎರಡು ಸಲ ಬೂಟ್ ಆಗಿರೋ ಗುರುತು. ಮೇಷ್ಟ್ರಿಗೆ ಫೋನ್ ಮಾಡಿ ಆರನೇ ತಾರೀಖು ಏನಾದ್ರೂ ತೊಂದ್ರೆ ಆಗಿತ್ತಾ ಅಂತ ಕೇಳ್ದೆ. "ಇಲ್ವಲ್ಲೋ, ಆವತ್ತು ಹನ್ನೊಂದು ಪುಸ್ತಕ ಹೋಯ್ತು, ಯಾಕೆ?" ಅಂದ್ರು. ದೀಪಾವಳಿಗೆ ಹೋದಾಗ ಮೆಮೊರಿ ಕಾರ್ಡ್ ತೆಗ್ದು ಎಸ್‌ಎಸ್‌ಡಿ ಹಾಕೋದು, ಡೇಟಾಬೇಸಿನ ಬ್ಯಾಕಪ್ಪನ್ನ ಎನ್‌ಕ್ರಿಪ್ಟ್ ಮಾಡಿ ಹೊರಗೆ ಕಳಿಸೋದು ಎರಡು ಬಾಕಿ ಇದೆ.